ಬೀಗದ ಕೈ ಎಸೆದು ಹೋಗಬೇಡಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕೇಳುತ್ತಲೇ ನಾವೆಲ್ಲ ಬೆಳೆದೆವು. ಎಪ್ಪತ್ತು ದಾಟಿದ ಮೇಲೆ ಅದರ ಎರಡನೆಯ ಅರ್ಧದ ಮೇಲೆ ನನಗೊಂದು ತಕರಾರಿದೆ. ಮಾತು ಬಲ್ಲವರಿಗೂ ಜಗಳ ತಪ್ಪಿದ್ದಲ್ಲ. ಇಬ್ಬರು ಸೇರಿ ಅಂಗಡಿ ಇಟ್ಟರೆ ಬರುತ್ತದೆ, ಸಂಸಾರ ಹೂಡಿದರೆ ಬರುತ್ತದೆ, ರಾಜ್ಯ ನಡೆಸಿದರಂತೂ ಬಂದೇ ಬರುತ್ತದೆ. ಜಗಳಕ್ಕೆ ಹೆದರಬೇಡಿ, ಮಕ್ಕಳೇ. ಜಗಳದ ನೆಪದಲ್ಲಿ ಹೊಣೆ ಕೆಳಗಿಟ್ಟು ಹೋಗುವ ಚಾಳಿ ಮಾತ್ರ ಕಲಿಯಬೇಡಿ.

ಆ ತಪ್ಪು ಮಾಡಿದವನು ನಾನು. ಮೂವತ್ತರ ವಯಸ್ಸಿನಲ್ಲಿ ಗೆಳೆಯನೊಬ್ಬನ ಜೊತೆ ಪಾಲಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದೆ. ಉದ್ರಿ ಕೊಡುವ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಬೀಗದ ಕೈಯನ್ನು ಗಲ್ಲಾದ ಮೇಲೆ ಎಸೆದು ಮನೆಗೆ ಬಂದೆ. ಮರುವಾರ, ಮಗಳ ಮದುವೆ ಜವಳಿಗೆ ಮುಂಗಡ ಕೊಟ್ಟಿದ್ದ ರೈತರೊಬ್ಬರು ಬಂದರು. ಅವರ ಲೆಕ್ಕ ನನ್ನ ತಲೆಯಲ್ಲಿತ್ತು, ಪುಸ್ತಕದಲ್ಲಿರಲಿಲ್ಲ. ಗೆಳೆಯ ‘ನನಗೆ ಗೊತ್ತಿಲ್ಲ’ ಎಂದ. ನಾನು ‘ಅಂಗಡಿ ಈಗ ನನ್ನದಲ್ಲ’ ಎಂದೆ. ನಮ್ಮಿಬ್ಬರ ಸಿಟ್ಟಿನ ದಂಡ ಕಟ್ಟಿದವರು ಅವರು.

ಈಗ ಬೀಗದ ಕೈ ಎಸೆಯುವ ಕಷ್ಟವೂ ಇಲ್ಲ. ಬೆರಳು ಒತ್ತಿದರೆ ಗ್ರೂಪಿನಿಂದ ಹೊರಗೆ, ಇನ್ನೊಮ್ಮೆ ಒತ್ತಿದರೆ ಮನುಷ್ಯನೇ ಬ್ಲಾಕ್. ಮ್ಯಾನೇಜರ್ ಒಂದು ಮಾತು ಅಂದರೆಂದು ಕೆಲಸ ಒಪ್ಪಿಸದೆ ಹೊರಟುಬಿಡುತ್ತೀರಿ. ಅಣ್ಣತಮ್ಮಂದಿರು ಜಮೀನಿನ ವ್ಯಾಜ್ಯಕ್ಕೆ ಮುಖ ತಿರುಗಿಸಿಕೊಂಡರೆ ಅವ್ವನ ಔಷಧಿ ಯಾರು ತರಬೇಕೆಂಬುದೂ ವ್ಯಾಜ್ಯವಾಗುತ್ತದೆ. ಇದನ್ನು ನೋಡಿದಾಗ ನನಗೆ ಭಯವಾಗುತ್ತದೆ.

ನಮ್ಮ ಮೈಸೂರು ಸೀಮೆಯಲ್ಲೇ ಬೇರೊಂದು ಮಾದರಿ ಇತ್ತು. 1918ರಲ್ಲಿ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಪ್ರಶ್ನೆ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆಂದು ಮಿಲ್ಲರ್ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ದಿವಾನಗಿರಿ ಬಿಟ್ಟರು. ಆ ಪ್ರಶ್ನೆಯಲ್ಲಿ ನಾನು ಅರಸರ ಕಡೆಯವನು. ಶತಮಾನಗಳಿಂದ ಬಾಗಿಲ ಹೊರಗೆ ನಿಂತವರಿಗೆ ಒಳಗೆ ಜಾಗ ಸಿಗಲೇಬೇಕಿತ್ತು. ಆದರೂ ದಿವಾನರ ಮುಂದಿನ ನಡೆಗೆ ಕೈ ಮುಗಿಯುತ್ತೇನೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಷ್ಟದಲ್ಲಿದ್ದಾಗ ಅದೇ ಸಂಸ್ಥಾನ ಅವರನ್ನು ಕರೆಯಿತು. ಅವರು ಬಂದರು, 1929ರವರೆಗೆ ಅದರ ಭಾರ ಹೊತ್ತರು. ಅರಸರು ‘ಬಿಟ್ಟುಹೋದವನು’ ಎನ್ನಲಿಲ್ಲ, ವಿಶ್ವೇಶ್ವರಯ್ಯನವರು ‘ನನ್ನ ಮಾತು ಕೇಳಲಿಲ್ಲ’ ಎನ್ನಲಿಲ್ಲ. ಭಿನ್ನಾಭಿಪ್ರಾಯ ಅದರ ಜಾಗದಲ್ಲಿತ್ತು, ಕಾರ್ಖಾನೆ ಅದರ ಜಾಗದಲ್ಲಿತ್ತು.

ನೀವೂ ಹಾಗೆ ಮಾಡಬಹುದು. ಪಾಲುದಾರಿಕೆಗೆ ಇಳಿಯುವ ಮೊದಲು, ಎಷ್ಟೇ ಗೆಳೆತನವಿದ್ದರೂ, ಲೆಕ್ಕವನ್ನು ಬರೆದಿಡಿ. ಒಪ್ಪದ ಮಾತನ್ನು ಎದುರಿಗೆ ಕೂತು ಹೇಳಿ, ನಡುರಾತ್ರಿ ಮೆಸೇಜಿನಲ್ಲಿ ಬೇಡ. ಜಗಳ ಯಾವ ವಿಷಯಕ್ಕೆ ಶುರುವಾಯಿತೋ ಅದರ ಆಚೆಗೆ, ಅಪ್ಪ ಅವ್ವನ ಮೇಲೆ, ಹತ್ತು ವರ್ಷದ ಹಳೆಯ ಕತೆಯ ಮೇಲೆ ಹರಿಯದಂತೆ ನೋಡಿಕೊಳ್ಳಿ. ಬಿಟ್ಟು ಹೋಗಲೇಬೇಕಾದರೆ ಹೋಗಿ, ಅದೂ ತಪ್ಪಲ್ಲ. ಆದರೆ ನಿಮ್ಮನ್ನು ನಂಬಿದ ಮೂರನೆಯವರ ಕೆಲಸ ಮುಗಿಸಿ, ಕೀಲಿಯನ್ನು ಕೈಗೆ ಕೊಟ್ಟು ಹೋಗಿ.

ಎರಡು ವರ್ಷದ ಮೇಲೆ ಆ ರೈತರ ಊರಿಗೆ ಹೋಗಿ ಮುಂಗಡ ಹಿಂದಿರುಗಿಸಿದೆ. ಅವರು ಎಣಿಸದೆ ಜೇಬಿಗಿಟ್ಟುಕೊಂಡು, ಮಜ್ಜಿಗೆ ಕೊಟ್ಟರು. ಪಡಸಾಲೆಯಲ್ಲಿ ಅವರ ಮೊಮ್ಮಗು ತೊಟ್ಟಿಲಲ್ಲಿ ಮಲಗಿತ್ತು. ಮದುವೆ ನನ್ನ ಜವಳಿಗಾಗಿ ಕಾದಿರಲಿಲ್ಲ. ನೀವು ಅಷ್ಟು ತಡ ಮಾಡಬೇಡಿ.