ಅರೆತಲೆನೋವು ನೆಪವಲ್ಲ, ಕಾಯಿಲೆ

ಟಿಕೋಟಾದ ದ್ರಾಕ್ಷಿ ತೋಟದಲ್ಲಿ ದಿನವಿಡೀ ಬಿಸಿಲಲ್ಲಿ ದುಡಿದು ಬಂದ ತಾಯಿಯೊಬ್ಬರು ದೀಪ ಆರಿಸಿ, ಮುಖ ಮುಚ್ಚಿಕೊಂಡು ಮಲಗುತ್ತಾರೆ. ತಲೆಯ ಒಂದು ಬದಿ ಸಿಡಿಯುತ್ತದೆ, ವಾಕರಿಕೆ ಬರುತ್ತದೆ, ಮಕ್ಕಳ ಗದ್ದಲ ಸಹಿಸಲಾಗದು. ವಿಜಯಪುರ ನಗರದಲ್ಲಾಗಲಿ, ಬಬಲೇಶ್ವರದ ಹಳ್ಳಿಗಳಲ್ಲಾಗಲಿ ಇದು ಅಪರೂಪವಲ್ಲ. ಹಿರಿಯರು ‘ಆಧಾಸೀಸಿ’ ಎನ್ನುವ ಈ ನೋವೇ ಮೈಗ್ರೇನ್. ಇದನ್ನು ಕೆಲಸ ತಪ್ಪಿಸುವ ನೆಪ ಎನ್ನಬೇಡಿ.

2009-10ರಲ್ಲಿ ಬೆಂಗಳೂರು ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು 2,329 ವಯಸ್ಕರ ಸಮೀಕ್ಷೆ ನಡೆಸಿದರು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆ ವರ್ಷದಲ್ಲಿ ಮೈಗ್ರೇನ್ ಬಂದಿತ್ತು. ಪುರುಷರಿಗಿಂತ ಮಹಿಳೆಯರಲ್ಲಿ, ನಗರಕ್ಕಿಂತ ಹಳ್ಳಿಯಲ್ಲಿ ಅದು ಹೆಚ್ಚಾಗಿತ್ತು.

ನೋವು ಹುಟ್ಟುವುದು ಹೇಗೆ?

ಮೆದುಳಿನ ಹೊದಿಕೆಯ ರಕ್ತನಾಳಗಳ ಸುತ್ತ ಟ್ರೈಜೆಮಿನಲ್ ನರದ ಎಳೆಗಳಿವೆ. ಮೈಗ್ರೇನ್ ಕೆರಳಿದಾಗ ಈ ಎಳೆಗಳು ಸಿಜಿಆರ್‌ಪಿ ಎಂಬ ರಾಸಾಯನಿಕವನ್ನು ಬಿಡುತ್ತವೆ. ರಕ್ತನಾಳಗಳ ಮೇಲೂ ನರಗಳ ಮೇಲೂ ‘ಗ್ರಾಹಕ’ಗಳಿವೆ. ಅವುಗಳನ್ನು ಬೀಗ ಎಂದುಕೊಳ್ಳಿ, ಸಿಜಿಆರ್‌ಪಿ ಅದರ ಕೀಲಿ. ಕೀಲಿ ಬಿದ್ದರೆ ರಕ್ತನಾಳ ಹಿಗ್ಗುತ್ತದೆ, ನೋವಿನ ಸಂದೇಶ ಮೆದುಳಿಗೆ ಓಡುತ್ತದೆ.

ಅಲ್ಲಿಯೇ ಸಿರೊಟೋನಿನ್‌ನ ಗ್ರಾಹಕಗಳೂ ಇವೆ. 1990ರ ದಶಕದ ಆರಂಭದಲ್ಲಿ ಬಂದ ಸುಮಟ್ರಿಪ್ಟಾನ್ ಈ ಬೀಗಕ್ಕೆ ಹೊಂದುವ ಔಷಧ. ಹಿಗ್ಗಿದ ರಕ್ತನಾಳವನ್ನು ಅದು ಕುಗ್ಗಿಸುತ್ತದೆ, ಸಿಜಿಆರ್‌ಪಿ ಹೊರಬರುವುದನ್ನೂ ತಡೆಯುತ್ತದೆ. ಆದರೆ ಅಂಥದೇ ಗ್ರಾಹಕಗಳು ಹೃದಯದ ರಕ್ತನಾಳಗಳಲ್ಲೂ ಇವೆ. ಆದ್ದರಿಂದ ಹೃದಯ ಕಾಯಿಲೆ ಅಥವಾ ಪಾರ್ಶ್ವವಾಯು ಆಗಿದ್ದವರು, ಹತೋಟಿಗೆ ಬಾರದ ಬಿಪಿ ಇರುವವರು ಇದನ್ನು ತೆಗೆದುಕೊಳ್ಳಬಾರದು. ಪಕ್ಕದ ಮನೆಯವರ ಮಾತ್ರೆ ನಿಮಗೆ ಔಷಧವಲ್ಲ.

ಮಾತ್ರೆಯೇ ನೋವಾದಾಗ

ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್ ಅಥವಾ ಬೆರಕೆ ಮಾತ್ರೆಯನ್ನು 10 ದಿನ, ಹೀಗೆ ತಿಂಗಳುಗಟ್ಟಲೆ ನುಂಗಿದರೆ ಆ ಮಾತ್ರೆಯಿಂದಲೇ ತಲೆನೋವು ಹೆಚ್ಚಾಗಬಹುದು. ನೋವು ಬಂದ ದಿನ, ನಿದ್ದೆ, ಊಟ, ಮುಟ್ಟಿನ ದಿನ, ನುಂಗಿದ ಮಾತ್ರೆ ಇವನ್ನೆಲ್ಲ ಕ್ಯಾಲೆಂಡರಿನಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಪದೇಪದೇ ಬರುವ ನೋವನ್ನು ತಡೆಯುವ ಔಷಧಗಳೂ ಇವೆ.

ರಮಝಾನ್‌ನಲ್ಲಿ

ಹಸಿವು, ನೀರಿನ ಕೊರತೆ, ಕೆಟ್ಟ ನಿದ್ದೆ, ಚಹಾ ಒಮ್ಮೆಲೇ ನಿಲ್ಲುವುದು ಇವೆಲ್ಲ ನೋವನ್ನು ಕೆರಳಿಸುತ್ತವೆ. ಶಅಬಾನ್ ತಿಂಗಳಲ್ಲೇ ಚಹಾ ಕಡಿಮೆ ಮಾಡುತ್ತಾ ಬನ್ನಿ. ಸಹರಿ ಬಿಡಬೇಡಿ. ಇಫ್ತಾರ್‌ನಿಂದ ಸಹರಿವರೆಗೆ ಆಗಾಗ ನೀರು ಕುಡಿಯಿರಿ. ಕಾಯಿಲೆಯವರು ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸಲು ಕುರ್‌ಆನ್ ಅನುಮತಿ ಕೊಟ್ಟಿದೆ. ಅದನ್ನು ಬಳಸಿಕೊಳ್ಳುವವರನ್ನು ಮನೆಯವರು ಹೀಯಾಳಿಸಬಾರದು.

ತಡಮಾಡಬೇಡಿ

ಹಿಂದೆಂದೂ ಕಾಣದಷ್ಟು ತೀವ್ರ ನೋವು ಹಠಾತ್ತನೆ ಬಂದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಜ್ವರದೊಂದಿಗೆ ಕುತ್ತಿಗೆ ಬಿಗಿದರೆ ಅದನ್ನು ಮೈಗ್ರೇನ್ ಎಂದು ಮಲಗಿಸಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಉಳಿದ ದಿನಗಳಲ್ಲಿ ನೋವಿನಲ್ಲಿರುವ ತಾಯಿಗೆ, ಸೊಸೆಗೆ, ತಂಗಿಗೆ ಒಂದು ಕತ್ತಲೆ ಕೋಣೆ, ಒಂದು ಲೋಟ ನೀರು, ಸ್ವಲ್ಪ ನಿಶ್ಶಬ್ದ ಕೊಡಿ. ಅಂದಿನ ಅಡುಗೆಯನ್ನು ಬೇರೆಯವರು ಮಾಡಲಿ.