ಕುಂಡದ ಸಂಪಿಗೆ ಕೇಳುವುದೇನು?

ಫ್ಲಾಟಿನಲ್ಲಿ ಸಂಪಿಗೆ ಬೆಳೆಸಬಹುದೇ ಎಂದು ಯಾರಾದರೂ ಕೇಳಿದರೆ, ನಿಮ್ಮ ಬಾಲ್ಕನಿಗೆ ದಿನಕ್ಕೆ ಎಷ್ಟು ಹೊತ್ತು ನೇರ ಬಿಸಿಲು ಬೀಳುತ್ತದೆ ಎಂದು ಮೊದಲು ಕೇಳುತ್ತೇನೆ. ಕುಂಡ, ಮಣ್ಣು, ಗೊಬ್ಬರದ ಮಾತೆಲ್ಲ ಆಮೇಲೆ. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆಯಲ್ಲಿ ಹಲವು ವರ್ಷಗಳಿಂದ ಸಂಪಿಗೆ ಸಾಕುತ್ತಿರುವ ನನಗೆ ಈ ಗಿಡ ಕಲಿಸಿದ ಮೊದಲ ಪಾಠವೇ ಅದು.

ಸಂಪಿಗೆ ಮ್ಯಾಗ್ನೋಲಿಯಾ ಕುಲದ ಮರ. ಹಳೆಯ ಪುಸ್ತಕಗಳಲ್ಲಿ, ಕೆಲವು ನರ್ಸರಿಗಳ ಚೀಟಿಗಳಲ್ಲಿ ಇವತ್ತಿಗೂ ಮೈಖೇಲಿಯಾ ಚಂಪಕ ಎಂದೇ ಇರುತ್ತದೆ. ಈಗ ಸಸ್ಯಶಾಸ್ತ್ರಜ್ಞರು ಮ್ಯಾಗ್ನೋಲಿಯಾ ಚಂಪಕ ಎನ್ನುತ್ತಾರೆ. ಎರಡೂ ಒಂದೇ ಗಿಡ. ಪಶ್ಚಿಮ ಘಟ್ಟದ ಕಾಡಿನಲ್ಲಿ ಇದು ನೂರಡಿ ಎತ್ತರಕ್ಕೆ ಹೋಗುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯ ಬುಡ ನೋಡಿದವರಿಗೆ ಈ ಮರವನ್ನು ಕುಂಡದಲ್ಲಿಡುವುದು ಆಗದ ಮಾತು ಅನ್ನಿಸಬಹುದು. ಆದರೆ ಆಗುತ್ತದೆ. ಕುಂಡ ಮರದ ಎತ್ತರವನ್ನು ತಗ್ಗಿಸುತ್ತದೆ. ಅದರ ಅಗತ್ಯಗಳನ್ನು ತಗ್ಗಿಸುವುದಿಲ್ಲ. ಇದೊಂದು ಮನಸ್ಸಿನಲ್ಲಿ ನಿಂತರೆ ಉಳಿದ ಆರೈಕೆಯೆಲ್ಲ ತಾನಾಗಿ ಅರ್ಥವಾಗುತ್ತ ಹೋಗುತ್ತದೆ.

ಕೊಳ್ಳುವಾಗಲೇ ಅರ್ಧ ಕೆಲಸ

ನನ್ನ ಮೊದಲ ಸಂಪಿಗೆ ಗಿಡ ಕೊಂಡ ನರ್ಸರಿಯಲ್ಲಿ ವಯಸ್ಸಾದ ಮಾಲಿಯೊಬ್ಬರಿದ್ದರು. "ಬೀಜದ ಗಿಡ ಹೂ ಬಿಡೋಕೆ ಬಹಳ ವರ್ಷ ಕಾಯ್ಬೇಕು ಮೇಡಂ, ಕುಂಡಕ್ಕಾದ್ರೆ ಕಸಿದೇ ತಗೊಳ್ಳಿ" ಎಂದರು. ಆ ಮಾತಿನ ಬೆಲೆ ನನಗೆ ವರ್ಷ ಕಳೆದಂತೆ ಹೆಚ್ಚು ತಿಳಿದಿದೆ. ಬೀಜದಿಂದ ಬಂದ ಸಂಪಿಗೆ ಹೂ ಕೊಡಲು ಎಂಟು-ಹತ್ತು ವರ್ಷ ಬೇಕು. ಹೂ ಬಿಡುವ ಮರದ ಕಡ್ಡಿ ತಂದು ಕಟ್ಟಿದ ಕಸಿ ಗಿಡ ಒಂದೆರಡು ವರ್ಷದಲ್ಲೇ, ಸೊಂಟದೆತ್ತರವಿರುವಾಗಲೇ ಮೊಗ್ಗು ತೋರಿಸುತ್ತದೆ.

ಕೊಳ್ಳುವಾಗ ಬುಡ ನೋಡಿ. ಮಣ್ಣಿನಿಂದ ಸ್ವಲ್ಪ ಮೇಲೆ ಕಸಿಯ ಗಂಟು ಕಾಣಬೇಕು. ಆ ಗಂಟು ಯಾವತ್ತೂ ಮಣ್ಣಿನಲ್ಲಿ ಹೂತುಹೋಗಬಾರದು. ಗಂಟಿನ ಕೆಳಗಿನಿಂದ ಬರುವ ಚಿಗುರೆಲ್ಲ ಬೇರುಗಿಡದ್ದು. ಬಿಟ್ಟರೆ ಅದೇ ಬಲವಾಗಿ ಮೇಲೆದ್ದು ಕಸಿಯ ಕೊಂಬೆಯನ್ನು ಹಿಂದೆ ತಳ್ಳುತ್ತದೆ. ಎಳೆಯದಿರುವಾಗಲೇ ಬೆರಳಿನಲ್ಲಿ ಚಿವುಟಿಬಿಡಬೇಕು. ಬಿಳಿ ಸಂಪಿಗೆ ಬೇರೆಯೇ ಸಂಕರ ಜಾತಿ. ಅದು ಬೀಜ ಕಟ್ಟುವುದೇ ಅಪರೂಪವಾದ್ದರಿಂದ ಕಸಿಯಿಂದಲೋ ಗೂಟಿಯಿಂದಲೋ ಮಾತ್ರ ಸಿಗುತ್ತದೆ. ಕುಂಡಕ್ಕೆ ಇದೂ ಚೆನ್ನಾಗಿ ಹೊಂದುತ್ತದೆ.

ಸಂಪಿಗೆ ಎಂಬ ಹೆಸರು ಹೊತ್ತದ್ದೆಲ್ಲ ಈ ಕುಲದ್ದಲ್ಲ ಎಂಬುದೂ ಗೊತ್ತಿರಲಿ. ನಾಗಸಂಪಿಗೆ ಬೇರೆ ವಂಶದ ಗಟ್ಟಿ ಮರ, ಹಸಿರು ಸಂಪಿಗೆ ಎನ್ನುವ ಮನೋರಂಜಿನಿ ಸೀತಾಫಲದ ಬಳಗದ ಹಂಬು. ಇವುಗಳ ಆರೈಕೆ ಬೇರೆ. ಇನ್ನು ಇಂಟರ್ನೆಟ್ಟಿನ ಚಿತ್ರಗಳಲ್ಲಿ ಎಲೆಯಿಲ್ಲದ ಕೊಂಬೆಯ ತುಂಬ ಬಟ್ಟಲಿನಂಥ ಗುಲಾಬಿ ಹೂ ಬಿಟ್ಟು ನಿಂತ ಮ್ಯಾಗ್ನೋಲಿಯಾ ನೋಡಿ ಆಸೆಪಡುವವರು ಬಹಳ. ಅದು 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಸಂಕರ ತಳಿ. ಎಲೆ ಉದುರಿಸಿ ಮಲಗಲು ಅದಕ್ಕೆ ನಿಜವಾದ ಚಳಿಗಾಲ ಬೇಕು, ಬೆಂಗಳೂರಿನ ಡಿಸೆಂಬರ್ ಸಾಲದು. ನಮ್ಮ ಹವೆಗೆ ಸಂಪಿಗೆಯೇ ಸರಿ. ದೊಡ್ಡ ಬಿಳಿ ಹೂವೇ ಬೇಕೆಂದರೆ ಹಿಮಚಂಪಕದ ಗಿಡ್ಡ ತಳಿ 'ಲಿಟ್ಲ್ ಜೆಮ್' ಪ್ರಯತ್ನಿಸಬಹುದು.

ಬಿಸಿಲಿನ ಲೆಕ್ಕ

ಮನೆಯೊಳಗೆ ಬೆಳಕು ಧಾರಾಳವಾಗಿದೆ ಎಂದು ನಮಗೆ ಅನ್ನಿಸುವುದು ಕಣ್ಣು ಬೇಗ ಹೊಂದಿಕೊಳ್ಳುವುದರಿಂದ. ಹೊರಗೆ ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇರುವಾಗ ಹಾಲಿನ ಮೂಲೆಯಲ್ಲಿ ಕೆಲವು ನೂರು ಲಕ್ಸ್ ಅಷ್ಟೇ ಇರುತ್ತದೆ. ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ಸೋಫಾದ ಪಕ್ಕದಿಂದ ಕಿಟಕಿಯವರೆಗೆ ನಡೆದು ನೋಡಿ, ಅಂಕಿ ಹೇಗೆ ಏರುತ್ತದೆಂದು ತಿಳಿಯುತ್ತದೆ. ನೆರಳಿನಲ್ಲಿಟ್ಟ ಸಂಪಿಗೆ ಸಾಯುವುದಿಲ್ಲ. ಎಲೆ ಅಗಲವಾಗಿ, ತೆಳುವಾಗಿ, ಗೆಣ್ಣಿಗೂ ಗೆಣ್ಣಿಗೂ ಅಂತರ ಹಿಗ್ಗಿ, ಬೆಳಕಿದ್ದ ಕಡೆಗೆ ಕತ್ತು ಚಾಚಿ ನಿಲ್ಲುತ್ತದೆ. ನೋಡಲು ಹಸಿರಾಗಿರುತ್ತದೆ, ಮೊಗ್ಗು ಮಾತ್ರ ಬರುವುದಿಲ್ಲ. ಹೂ ಬೇಕಾದರೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು.

ಹಾಗಾಗಿ ನಾನು ಸಂಪಿಗೆಯನ್ನು ಒಳಮನೆಯ ಗಿಡವೆಂದು ಎಣಿಸುವುದಿಲ್ಲ. ಅದರ ಜಾಗ ಬಾಲ್ಕನಿ. ಹೂ ಬಿಟ್ಟಾಗ, ಹಬ್ಬವಿದ್ದಾಗ ಒಂದೆರಡು ದಿನ ಒಳಗೆ ತಂದು, ಮತ್ತೆ ಬಿಸಿಲಿಗೆ ಕಳಿಸುತ್ತೇನೆ. ಚಕ್ರವಿರುವ ಸ್ಟ್ಯಾಂಡಿನ ಮೇಲೆ ಕುಂಡ ಇಟ್ಟರೆ ಈ ಓಡಾಟ ಸುಲಭ. ಎಸಿ ಹಾಕುವ ಕೋಣೆಗೆ ಮಾತ್ರ ತರುವುದಿಲ್ಲ, ಆ ಒಣ ಗಾಳಿಗೆ ಎಲೆಯಂಚು ಕಂದುತ್ತದೆ.

ಬಿಸಿಲಿನ ವಿಷಯದಲ್ಲಿ ಬಾಲ್ಕನಿಯ ದಿಕ್ಕನ್ನು ವರ್ಷಪೂರ್ತಿ ಗಮನಿಸಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಆಮೇಲೆ ಉತ್ತರಕ್ಕೆ ಸರಿಯುತ್ತಾನೆ. ಆಗಸ್ಟ್ 18ರ ಹೊತ್ತಿಗೆ ಮತ್ತೆ ನೆತ್ತಿಗೆ ಬಂದು ದಕ್ಷಿಣಕ್ಕೆ ಇಳಿಯುತ್ತಾನೆ. ನಮ್ಮ ಬಾಲ್ಕನಿ ದಕ್ಷಿಣಕ್ಕಿದೆ. ಚಳಿಗಾಲದಲ್ಲಿ ಬಿಸಿಲು ಬಾಗಿಲು ದಾಟಿ ಒಳಗೇ ಬರುತ್ತದೆ. ಮೇ, ಜೂನ್, ಜುಲೈನಲ್ಲಿ ಕಟಕಟೆಯ ಅಂಚಿಗೂ ತಾಗುವುದಿಲ್ಲ. ಸಂಪಿಗೆ ಚೆನ್ನಾಗಿ ಹೂ ಬಿಡುವ ಕಾಲವೇ ಬೇಸಿಗೆ ಮತ್ತು ಮಳೆಗಾಲ. ಆದ್ದರಿಂದ ಏಪ್ರಿಲ್ ಕೊನೆಗೆ ಕುಂಡವನ್ನು ಪೂರ್ವಕ್ಕಿರುವ ಯುಟಿಲಿಟಿಯ ಕಡೆ ಸಾಗಿಸುತ್ತೇನೆ, ಬೆಳಗಿನ ಬಿಸಿಲು ಅಲ್ಲಿ ಪೂರ್ತಿ ಸಿಗುತ್ತದೆ. ಆಗಸ್ಟ್ ಮುಗಿದ ಮೇಲೆ ಮರಳಿ ದಕ್ಷಿಣಕ್ಕೆ. ಹೂವಿನ ಸಂಖ್ಯೆಯಲ್ಲಿ ಇದರಷ್ಟು ವ್ಯತ್ಯಾಸ ತಂದದ್ದು ಯಾವ ಗೊಬ್ಬರವೂ ಅಲ್ಲ.

ನೀರಿನಲ್ಲೇ ಇದೆ ಗುಟ್ಟು

ಸಂಪಿಗೆ ಸ್ವಲ್ಪ ಹುಳಿಗುಣದ ಮಣ್ಣು ಇಷ್ಟಪಡುವ ಗಿಡ. ಮಳೆ ಚೆನ್ನಾಗಿ ಬೀಳುವ ಘಟ್ಟದ ಕೆಂಪು ಮಣ್ಣು ಅದರ ತವರು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಅದಕ್ಕೆ ಸಿಗುವುದು ಬೋರಿನ ಗಡಸು ನೀರು. ಅದೇ ನೀರು ತಿಂಗಳುಗಟ್ಟಲೆ ಕುಂಡಕ್ಕೆ ಬಿದ್ದರೆ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ಮಣ್ಣು ಕ್ಷಾರವಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ಹೀರಲು ಬಾರದ ಸ್ಥಿತಿ ಅದು.

ಅದರ ಗುರುತು ಎಲೆಯಲ್ಲಿ ಸ್ಪಷ್ಟ. ತುದಿಯ ಹೊಸ ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗೇ ಉಳಿಯುತ್ತವೆ. ಬೆಳಕಿಗೆ ಹಿಡಿದರೆ ಹಳದಿ ಬಟ್ಟೆಯ ಮೇಲೆ ಹಸಿರು ನೂಲಿನಲ್ಲಿ ಬಲೆ ಹೆಣೆದಂತೆ ಕಾಣುತ್ತದೆ. ಕೆಳಗಿನ ಹಳೆಯ ಎಲೆಗಳು ಒಂದೊಂದಾಗಿ ಪೂರ್ತಿ ಹಳದಿಯಾಗಿ ಉದುರುವುದು ಬೇರೆ ಸಂಗತಿ. ಫೆಬ್ರುವರಿ, ಮಾರ್ಚ್‌ನ ಒಣ ದಿನಗಳಲ್ಲಿ ಹಾಗೆ ಹಳೆಯ ಎಲೆ ಉದುರಿಸಿಕೊಳ್ಳುವುದು ಗಿಡದ ಸ್ವಭಾವ, ಅದಕ್ಕೆ ಹೆದರಬೇಕಿಲ್ಲ. ಹೊಸ ಎಲೆ ಹಳದಿಯಾದರೆ ಮಾತ್ರ ನೀರಿನ ಕಡೆ ನೋಡಬೇಕು. ಗೊಬ್ಬರದ ಅಂಗಡಿಯಲ್ಲಿ ಸಿಗುವ ಚಿಲೇಟೆಡ್ ಕಬ್ಬಿಣವನ್ನು ಪ್ಯಾಕೆಟ್ಟಿನಲ್ಲಿ ಹೇಳಿದ ಅಳತೆಯಲ್ಲಿ ಕೊಟ್ಟರೆ ಮುಂದಿನ ಚಿಗುರು ಹಸಿರಾಗಿ ಬರುತ್ತದೆ. ಆದರೆ ಕಾಯಂ ಪರಿಹಾರ ಮಳೆನೀರು. ಮಳೆಗಾಲದಲ್ಲಿ ಬಕೆಟ್ಟು, ಡ್ರಮ್ಮು ಏನಿದೆಯೋ ಅದರಲ್ಲಿ ಹಿಡಿದು, ಸೊಳ್ಳೆ ಬಾರದಂತೆ ಬಾಯಿಗೆ ಬಟ್ಟೆ ಕಟ್ಟಿ ಇಟ್ಟುಕೊಳ್ಳುತ್ತೇನೆ. ಮಳೆ ನಿಂತ ಮೇಲೂ ಕೆಲವು ವಾರ ಅದೇ ನಡೆಯುತ್ತದೆ.

ಇನ್ನೆರಡು ನೀರಿನ ಬಗ್ಗೆ ಹೇಳಲೇಬೇಕು. ಆರ್‌ಓ ಯಂತ್ರದಿಂದ ಹೊರಬೀಳುವ ನೀರನ್ನು ವ್ಯರ್ಥ ಮಾಡಬಾರದೆಂಬ ಒಳ್ಳೆಯ ಮನಸ್ಸಿನಿಂದ ಬಹಳ ಮಂದಿ ಗಿಡಕ್ಕೆ ಹಾಕುತ್ತಾರೆ. ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಸೇರಿರುವುದು ಅದರಲ್ಲೇ. ನೆಲ ಒರೆಸಲು, ಶೌಚಾಲಯಕ್ಕೆ ಅದು ಸರಿ, ಕುಂಡದ ಸಂಪಿಗೆಗೆ ಬೇಡ. ಅಪಾರ್ಟ್‌ಮೆಂಟಿನ ಸಾಫ್ಟನರ್ ನೀರೂ ಹಾಗೆಯೇ. ಅಲ್ಲಿ ಸುಣ್ಣದ ಅಂಶ ತೆಗೆದು ಸೋಡಿಯಂ ಸೇರಿಸಿರುತ್ತಾರೆ. ಬಟ್ಟೆಗೆ ಮೃದುವಾದ ಆ ನೀರು ಬೇರಿಗೆ ಮೃದುವಲ್ಲ.

ಎಷ್ಟು ನೀರು ಎಂಬುದಕ್ಕೆ ದಿನದ ಲೆಕ್ಕ ಇಟ್ಟುಕೊಳ್ಳುವುದಕ್ಕಿಂತ ಬೆರಳಿನ ಲೆಕ್ಕ ಒಳ್ಳೆಯದು. ಮೇಲಿನ ಒಂದೂವರೆ ಅಂಗುಲ ಮಣ್ಣು ಒಣಗಿದ್ದರೆ, ತಳದ ತೂತಿನಿಂದ ಹರಿಯುವವರೆಗೆ ನಿಧಾನವಾಗಿ ಹಾಕಬೇಕು. ಹಾಗೆ ಹರಿದ ನೀರಿನೊಂದಿಗೆ ಸೇರಿಕೊಂಡ ಲವಣವೂ ಇಳಿದುಹೋಗುತ್ತದೆ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಬೇಕು.

ಬೇರು, ಮಣ್ಣು, ಕುಂಡ

ಈ ಕುಲದ ಮರಗಳ ಬೇರು ದಪ್ಪ, ಮೆತ್ತಗೆ, ಕವಲು ಕಡಿಮೆ. ಮುರಿದರೆ ಬೇಗ ಮಾಯುವುದಿಲ್ಲ, ಗಾಯವಾದ ಕಡೆಯಿಂದ ಕೊಳೆಯುತ್ತದೆ. ದಾಸವಾಳ, ಗುಲಾಬಿಗಳ ಬೇರನ್ನು ಕೆದಕಿ, ಕತ್ತರಿಸಿ ಕುಂಡ ಬದಲಿಸುವ ರೂಢಿ ಇರುವವರು ಸಂಪಿಗೆಯ ಹತ್ತಿರ ಕೈ ತಡೆಯಬೇಕು. ಎರಡು ವರ್ಷಕ್ಕೊಮ್ಮೆ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ, ಮಣ್ಣಿನ ಹೆಂಟೆ ಒಡೆಯದಂತೆ ಎತ್ತಿ ಒಂದು ಅಳತೆ ದೊಡ್ಡ ಕುಂಡಕ್ಕೆ ಇಳಿಸುತ್ತೇನೆ. ಒಮ್ಮೆಗೇ ಬಹಳ ದೊಡ್ಡ ಕುಂಡ ಕೊಟ್ಟರೆ ಬೇರು ಮುಟ್ಟದ ಮಣ್ಣು ಒದ್ದೆಯಾಗೇ ಉಳಿದು ಕೆಡುತ್ತದೆ. ಕೊನೆಗೆ ಹದಿನೆಂಟು-ಇಪ್ಪತ್ತು ಅಂಗುಲದ ಕುಂಡದಲ್ಲಿ ಗಿಡ ವರ್ಷಗಟ್ಟಲೆ ನಿಲ್ಲುತ್ತದೆ. ಆಮೇಲೆ ಪ್ರತಿ ವರ್ಷ ಮೇಲಿನ ಎರಡು ಅಂಗುಲ ಮಣ್ಣು ತೆಗೆದು ಹೊಸ ಗೊಬ್ಬರದ ಮಣ್ಣು ಹಾಕಿದರೆ ಸಾಕು.

ಮಣ್ಣಿಗೆ ನನ್ನ ಹದ ಹೀಗೆ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೊಳೆದ ಕೊಕೊಪೀಟ್ ಮತ್ತು ದಪ್ಪ ಮರಳು ಸೇರಿಸಿದ್ದು, ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ. ಕೊಕೊಪೀಟನ್ನು ತೊಳೆಯುವುದು ಅದರಲ್ಲಿರುವ ಉಪ್ಪು ಹೋಗಲಿ ಎಂದು. ತಿಂಗಳಿಗೊಮ್ಮೆ ಒಂದೆರಡು ಹಿಡಿ ಎರೆಗೊಬ್ಬರ ಕೊಡುತ್ತೇನೆ. ಯೂರಿಯಾದಂಥ ಸಾರಜನಕ ಹೆಚ್ಚಿರುವ ಗೊಬ್ಬರ ಹಾಕಿದರೆ ಗಿಡ ಎಲೆಯಲ್ಲೇ ಕೊಬ್ಬುತ್ತದೆ.

ಸವರುವುದಕ್ಕೂ ಕಾರಣ ತಿಳಿದಿರಬೇಕು. ಬೇರೆ ಬಹಳಷ್ಟು ಮ್ಯಾಗ್ನೋಲಿಯಾಗಳ ಹೂ ಕೊಂಬೆಯ ತುದಿಯಲ್ಲಿ ಬಂದರೆ, ಸಂಪಿಗೆಯ ಹೂ ಎಲೆಯ ಕಂಕುಳಲ್ಲಿ ಬರುತ್ತದೆ. ಹೂವಿನ ಸುಗ್ಗಿ ಮುಗಿದ ಮೇಲೆ ತುದಿ ಚಿವುಟಿದರೆ ಪಕ್ಕದ ಕವಲು ಹೆಚ್ಚುತ್ತವೆ, ಕವಲು ಹೆಚ್ಚಿದಷ್ಟೂ ಹೂ ಕೂರುವ ಜಾಗ ಹೆಚ್ಚುತ್ತದೆ. ಎತ್ತರವೂ ಐದಾರು ಅಡಿಯಲ್ಲಿ ಹಿಡಿತದಲ್ಲಿರುತ್ತದೆ.

ಹತ್ತಿರದಿಂದ ನೋಡಿದಾಗ

ಕುಂಡದ ಸಂಪಿಗೆಯಿಂದ ನನಗಾದ ದೊಡ್ಡ ಲಾಭ ಹೂವನ್ನು ಕಣ್ಣಿನ ಮಟ್ಟದಲ್ಲಿ ನೋಡುವುದು. ಊರಿನ ಮನೆಯ ಹಿತ್ತಿಲ ಮರದಲ್ಲಿ ಹೂ ಇರುತ್ತಿದ್ದದ್ದು ದೋಟಿಗೆ ಎಟಕುವ ಎತ್ತರದಲ್ಲಿ. ಇಲ್ಲಿ ಮೊಗ್ಗು ಮೂಡುವುದರಿಂದ ಹಿಡಿದು ಎಲ್ಲವೂ ಕಣ್ಣೆದುರು. ಎಳೆ ಚಿಗುರನ್ನು ರೋಮಭರಿತ ಕವಚವೊಂದು ಟೋಪಿಯ ಹಾಗೆ ಮುಚ್ಚಿರುತ್ತದೆ. ಎಲೆ ಬಿಚ್ಚಿದಾಗ ಅದು ಕಳಚಿ ಬಿದ್ದು ಕೊಂಬೆಯ ಸುತ್ತ ಉಂಗುರದಂಥ ಗೆರೆ ಉಳಿಸುತ್ತದೆ. ಆ ಗೆರೆ ಈ ವಂಶದ ಗುರುತು. ಹೂ ಬಿರಿದಾಗ ಪುಷ್ಪಪತ್ರ ಯಾವುದು, ದಳ ಯಾವುದು ಎಂದು ಬೇರೆ ಮಾಡಲಾಗುವುದಿಲ್ಲ, ಎಲ್ಲವೂ ಒಂದೇ ಬಣ್ಣದ ನೀಳ ಎಸಳುಗಳು. ನಡುವೆ ಪುಟ್ಟ ಕಂಬ, ಅದರ ಸುತ್ತ ಸುರುಳಿಯಾಗಿ ಕೇಸರಗಳು. ಇದು ಹೂಗಿಡಗಳಲ್ಲಿ ಬಹಳ ಪುರಾತನವಾದ ವಿನ್ಯಾಸ. ಈ ಕುಲ ಪರಾಗಸ್ಪರ್ಶಕ್ಕೆ ಮುಖ್ಯವಾಗಿ ನಂಬಿಕೊಂಡು ಬಂದಿರುವುದು ದುಂಬಿಜಾತಿಯ ಜೀರುಂಡೆಗಳನ್ನು.

ಹತ್ತಿರದಿಂದ ನೋಡುವ ಅಭ್ಯಾಸವೇ ಕೀಟಗಳಿಗೂ ಮದ್ದು. ಕಾಂಡದ ಮೇಲೆ ಇರುವೆಗಳ ಸಾಲು ಕಂಡರೆ ಎಲೆಯ ಬೆನ್ನು ತಿರುಗಿಸಿ ನೋಡಬೇಕು. ಅಲ್ಲಿ ಹಿಟ್ಟು ತಿಗಣೆಯೋ ಕಂದು ಶಲ್ಕ ಕೀಟವೋ ಕೂತಿರುತ್ತದೆ, ಅವು ಬಿಡುವ ಸಿಹಿ ಅಂಟಿಗಾಗಿ ಇರುವೆ ಬರುತ್ತದೆ. ಹಳೆಯ ಟೂತ್‌ಬ್ರಷ್ ಮತ್ತು ಸೋಪಿನ ನೀರಿನಿಂದ ಉಜ್ಜಿ, ಲೀಟರಿಗೆ 5 ಮಿಲಿಯಷ್ಟು ಬೇವಿನೆಣ್ಣೆ ಬೆರೆಸಿ ಆ ಜಾಗಕ್ಕಷ್ಟೇ ಸಂಜೆ ಹೊತ್ತು ಸಿಂಪಡಿಸುತ್ತೇನೆ.

ಇಡೀ ಗಿಡಕ್ಕೆ ಸಿಂಪಡಿಸದಿರಲು ಕಾರಣವಿದೆ. ಕಪ್ಪು ರೆಕ್ಕೆಯ ತುಂಬ ಎಳೆ ಹಸಿರು ಚುಕ್ಕೆಗಳಿರುವ ಚಿಟ್ಟೆಯೊಂದು ಸಂಪಿಗೆಯ ಚಿಗುರಿನ ಮೇಲೆ ಮೊಟ್ಟೆಯಿಡುತ್ತದೆ. ಅದರ ಹುಳು ಎದೆಯ ಹತ್ತಿರ ದಪ್ಪ, ಬಾಲದ ಕಡೆ ಸಣ್ಣ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲಿನಂಥ ಮೃದುವಾದ ಕೊಂಬು ಹೊರಚಾಚಿ ಕಟು ವಾಸನೆ ಬಿಡುತ್ತದೆ. ಅದು ತಿನ್ನುವುದು ಕೆಲವೇ ಎಲೆ. ಆರೋಗ್ಯವಾಗಿರುವ ಗಿಡ ಅಷ್ಟನ್ನು ಮತ್ತೆ ಚಿಗುರಿಸಿಕೊಳ್ಳುತ್ತದೆ. ಮೂರನೇ ಮಹಡಿಯವರೆಗೆ ಗಿಡ ಹುಡುಕಿಕೊಂಡು ಬಂದ ಚಿಟ್ಟೆಗೆ ನಾಲ್ಕು ಎಲೆ ಬಿಡುವುದು ನನಗೆ ನಷ್ಟವೆನ್ನಿಸಿಲ್ಲ.

ಮುಂದಿನ ಮನೆ

ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಒಂದು ದಿನ ಸಂಪಿಗೆ ಕುಂಡಕ್ಕೆ ಮೀರಿ ಬೆಳೆಯುತ್ತದೆ. ಬೇರು ತಳದ ತೂತಿನಿಂದ ಹೊರಬರುತ್ತದೆ, ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಸಾಲುವುದಿಲ್ಲ, ಹೂ ಚಿಕ್ಕದಾಗುತ್ತ ಬರುತ್ತದೆ. ಆಗ ಅದನ್ನು ನೆಲಕ್ಕೆ ಕಳಿಸಬೇಕು. ನಾನು ಮೊದಲು ಬೆಳೆಸಿದ ಗಿಡ ಈಗ ಊರಿನ ತೋಟದಂಚಿನಲ್ಲಿದೆ. ಮಳೆಗಾಲದ ಆರಂಭದಲ್ಲಿ ಹೆಂಟೆ ಸಮೇತ ಇಳಿಸಿದ್ದೆವು, ಈಗ ಮಾಡಿನ ಎತ್ತರ ದಾಟಿದೆ. ಅದಕ್ಕೂ ಮೊದಲೇ ಅದರ ಕಡ್ಡಿಯಿಂದ ಇನ್ನೊಂದು ಕಸಿ ಕಟ್ಟಿಸಿ ಬಾಲ್ಕನಿಗೆ ತಂದುಕೊಂಡಿದ್ದೆ.

ಸಂಪಿಗೆ ಕೊಳ್ಳುವವರು ಕುಂಡದ ಜೊತೆಗೇ ಈ ಮುಂದಿನ ಜಾಗವನ್ನೂ ಯೋಚಿಸಿಟ್ಟುಕೊಳ್ಳಲಿ ಎಂಬುದು ನನ್ನ ಕೋರಿಕೆ. ಊರಿನ ಹಿತ್ತಿಲಿರಬಹುದು, ಮಕ್ಕಳ ಶಾಲೆಯ ಅಂಗಳವಿರಬಹುದು, ಬಡಾವಣೆಯ ಉದ್ಯಾನವಿರಬಹುದು, ದೇವಸ್ಥಾನದ ಪ್ರಾಕಾರವಿರಬಹುದು. ಸಂಬಂಧಪಟ್ಟವರನ್ನು ಈಗಲೇ ಕೇಳಿ ಒಪ್ಪಿಗೆ ಪಡೆದಿಟ್ಟರೆ ಸಮಯ ಬಂದಾಗ ಪರದಾಡಬೇಕಿಲ್ಲ. ಆರೇಳು ವರ್ಷ ನಮ್ಮ ಮನೆಗೆ ಹೂ ಕೊಟ್ಟ ಗಿಡ ಅಲ್ಲಿ ಮರವಾಗಿ, ನಮ್ಮ ಗುರುತೂ ಇಲ್ಲದ ಜನರಿಗೆ ಬಹು ಕಾಲ ಹೂ ಕೊಡುತ್ತದೆ. ಗಿಡ ಕೊಳ್ಳುವ ದಿನವೇ ಆ ಜಾಗದ ಹೆಸರನ್ನೂ ಬರೆದಿಡಿ.