21 ಫ್ರೇಮಿನ ಬಸ್ಸು

ಮಾರಿಯೋ ಆಡದೇ ಇರೋರು ನಮ್ಮ ಬ್ಯಾಚಿನಲ್ಲಿ ಕಡಿಮೆ. ಟಿವಿಗೆ ಸಿಕ್ಕಿಸೋ ಅಗ್ಗದ ವಿಡಿಯೋ ಗೇಮ್, ಅದರ ಜೊತೆ ಬರ್ತಿದ್ದ ಹಳದಿ ಕ್ಯಾಸೆಟ್, ಬೇಸಿಗೆ ರಜೆಯಲ್ಲಿ ಅಣ್ಣನ ಜೊತೆ ಜಗಳ, ಇವೆಲ್ಲ ನೆನಪಿದೆ ತಾನೇ? ಆಗ ನಾವು ಒಂದು ಲೆವೆಲ್ ದಾಟೋಕೆ ಅರ್ಧ ದಿನ ತಗೋತಿದ್ವಿ. ಅದೇ ಆಟವನ್ನು ಐದು ನಿಮಿಷದೊಳಗೆ ಮುಗಿಸೋರು ಇದ್ದಾರೆ. ಹೀಗೆ ಆಟವನ್ನು ಆದಷ್ಟು ಬೇಗ ಮುಗಿಸೋ ಸ್ಪರ್ಧೆಗೆ ಸ್ಪೀಡ್‌ರನ್ನಿಂಗ್ ಅಂತಾರೆ. ಅಂಥ ಒಬ್ಬ ಆಟಗಾರರ ಬಗ್ಗೆ, ಅವರ ಆಟದ ಹಿಂದಿನ ಲೆಕ್ಕದ ಬಗ್ಗೆ ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಯಾರು ಈ ಡಾರ್ಬಿಯನ್?

ಡಾರ್ಬಿಯನ್ ಅನ್ನೋದು ಅಮೆರಿಕದ ಒಬ್ಬ ಆಟಗಾರರು ಆಟಕ್ಕಾಗಿ ಇಟ್ಟುಕೊಂಡ ಹೆಸರು. ನಿಂಟೆಂಡೊ ಕಂಪನಿ 1985ರಲ್ಲಿ ಬಿಡುಗಡೆ ಮಾಡಿದ ‘ಸೂಪರ್ ಮಾರಿಯೋ ಬ್ರದರ್ಸ್’ ಅವರಿಗೆ ಹೆಸರು ತಂದ ಆಟ. ಇದರಲ್ಲಿ ಒಟ್ಟು 32 ಲೆವೆಲ್‌ಗಳಿವೆ. ಆದರೆ ಮುಂದಕ್ಕೆ ಹಾರಿಸೋ ವಾರ್ಪ್ ಪೈಪ್‌ಗಳನ್ನು ಬಳಸಿದರೆ 8 ಲೆವೆಲ್ ಆಡಿದರೆ ಸಾಕು. 2016ರ ಅಕ್ಟೋಬರ್‌ನಲ್ಲಿ ಡಾರ್ಬಿಯನ್ ಇದನ್ನು 4 ನಿಮಿಷ 56.878 ಸೆಕೆಂಡಿನಲ್ಲಿ ಮುಗಿಸಿದರು. 4 ನಿಮಿಷ 57 ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಮುಗಿಸಿದ ಮೊದಲಿಗರು ಅವರೇ. ಆಡುವಾಗ ತಮ್ಮ ಎದೆಬಡಿತದ ಅಂಕಿಯನ್ನೂ ಪರದೆ ಮೇಲೆ ತೋರಿಸ್ತಿದ್ದರು. ಕೊನೆಯ ಲೆವೆಲ್ ಹತ್ತಿರ ಬಂದ ಹಾಗೆ ಆ ಅಂಕಿ ಏರೋದನ್ನು ನೋಡಿದರೆ, ‘ಕೂತು ಆಡೋ ಆಟ ತಾನೇ’ ಅಂತ ಹಗುರವಾಗಿ ಮಾತಾಡೋಕೆ ಬಾಯಿ ಬರಲ್ಲ.

21 ಫ್ರೇಮಿನ ನಿಯಮ

ಈಗ ನಮ್ಮಂಥವರಿಗೆ ಇಷ್ಟವಾಗೋ ಭಾಗ. ಆ ಹಳೇ ಯಂತ್ರದಲ್ಲಿ ಪರದೆ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತೆ. ಒಂದೊಂದು ಬದಲಾವಣೆಯೂ ಒಂದು ಫ್ರೇಮ್. ಆಟದ ಕೋಡಿನೊಳಗೆ 21 ಫ್ರೇಮಿಗೊಮ್ಮೆ ಸುತ್ತೋ ಒಂದು ಟೈಮರ್ ಇದೆ. ಲೆವೆಲ್ ಮುಗಿದ ಮೇಲೆ ಮುಂದಿನದು ಶುರುವಾಗಬೇಕಾದರೆ ಆ ಟೈಮರಿನ ಸುತ್ತು ಮುಗಿಯಲೇಬೇಕು.

ಇದನ್ನು ವಿವರಿಸೋಕೆ ಆಟಗಾರರು ಬಸ್ಸಿನ ಉದಾಹರಣೆ ಕೊಡ್ತಾರೆ. 21 ಫ್ರೇಮಿಗೆ ಒಂದು ಬಸ್. ನೀವು ಓಡಿ ಬಂದರೂ ನಡೆದು ಬಂದರೂ ಬಸ್ ಹೊರಡೋದು ಅದರ ಟೈಮಿಗೇ.

ಲೆಕ್ಕ ಹಾಕಿ ನೋಡೋಣ. ಒಬ್ಬ 1000ನೇ ಫ್ರೇಮಿನಲ್ಲಿ ಲೆವೆಲ್ ಮುಗಿಸಿದ. 21ರ ಮಗ್ಗಿಯಲ್ಲಿ ಮುಂದಿನ ಸಂಖ್ಯೆ 1008, ಅವನಿಗೆ ಸಿಗೋ ಬಸ್ ಅದೇ. ಇನ್ನೊಬ್ಬ ಬೆವರು ಸುರಿಸಿ 990ಕ್ಕೇ ಮುಗಿಸಿದ. ಅವನಿಗೂ 1008ರ ಬಸ್ಸೇ! 10 ಫ್ರೇಮ್ ಉಳಿಸಿದ್ದು ನೀರಲ್ಲಿ ಹೋಮ ಮಾಡಿದ ಹಾಗಾಯ್ತು. ಮೂರನೆಯವನು 986ಕ್ಕೆ ಮುಗಿಸಿದ. ಅವನಿಗೆ 987ರ ಬಸ್ ಸಿಕ್ತು. ಎರಡನೆಯವನಿಗಿಂತ ಬರೀ 4 ಫ್ರೇಮ್ ಮುಂದೆ, ಆದರೆ ಲಾಭ ಪೂರ್ತಿ 21 ಫ್ರೇಮ್, ಅಂದರೆ ಸುಮಾರು 0.35 ಸೆಕೆಂಡ್.

ಡಿಜಿಟಲ್ ಲ್ಯಾಬಿನ ಫ್ಲಿಪ್-ಫ್ಲಾಪ್ ನೆನಪಾಯ್ತಾ? ಇನ್‌ಪುಟ್ ಯಾವಾಗ ಬದಲಾದರೂ ಔಟ್‌ಪುಟ್ ಬದಲಾಗೋದು ಕ್ಲಾಕ್ ಎಡ್ಜ್ ಬಂದಾಗಲೇ. ಇಲ್ಲೂ ಅದೇ ಕಥೆ.

ಕೊನೆಯ ಲೆವೆಲ್ 8-4ಕ್ಕೆ ಮಾತ್ರ ಬಸ್ ಇಲ್ಲ. ಮಾರಿಯೋ ಕೊಡಲಿ ಮುಟ್ಟಿದ ಕ್ಷಣವೇ ಗಡಿಯಾರ ನಿಲ್ಲುತ್ತೆ. ಹಾಗಾಗಿ ಅಲ್ಲಿ ಒಂದೊಂದು ಫ್ರೇಮಿಗೂ ಬೆಲೆ.

ರಹಸ್ಯ ಹಂಚಿದವರು

ಇಷ್ಟೆಲ್ಲಾ ತಿಳಿದ ಮನುಷ್ಯ ಅದನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಬಹುದಿತ್ತು. ಡಾರ್ಬಿಯನ್ ಹಾಗೆ ಮಾಡಲಿಲ್ಲ. ಎಲ್ಲಿ ಜಿಗಿಯಬೇಕು, ಎಲ್ಲಿ ಸಮಯ ಸೋರುತ್ತೆ ಅಂತ ಲೆವೆಲ್ ಲೆವೆಲ್‌ಗೂ ಬಿಡಿಸಿ ಹೇಳೋ ಪಾಠದ ವಿಡಿಯೋಗಳನ್ನು ಮಾಡಿದರು. 4-2ನೇ ಲೆವೆಲ್ ತಗೊಳ್ಳಿ. ಅಲ್ಲಿ ವಾರ್ಪ್ ಜಾಗಕ್ಕೆ ಹೋಗೋಕೆ ಬಳ್ಳಿ ಹತ್ತಬೇಕು, ಅದು ನಿಧಾನ. ಆದರೆ ಇಟ್ಟಿಗೆಗೆ ಬೇಕಂತಲೇ ತಾಗಿಸಿ ಮಾರಿಯೋನನ್ನು ಪರದೆಯಲ್ಲಿ ಸ್ವಲ್ಪ ಬಲಕ್ಕೆ ಸರಿಸಿದರೆ, ನಾಣ್ಯದ ಕೋಣೆಗೆ ಹೋಗಬೇಕಾದ ಪೈಪ್ ನೇರ ವಾರ್ಪ್ ಜಾಗಕ್ಕೇ ಕರ್ಕೊಂಡು ಹೋಗುತ್ತೆ. ಪೈಪಿನ ದಾರಿ ತೀರ್ಮಾನ ಆಗೋದು ಪರದೆ ಎಷ್ಟು ಸರಿದಿದೆ ಅನ್ನೋದರ ಮೇಲೆ. ಹೀಗೆ ಕಾರಣ ತಿಳಿದು ಆಡೋದಕ್ಕೂ, ಸುಮ್ನೆ ನೋಡಿ ಅನುಕರಿಸೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಮುಂದೆ ಕಾಸ್ಮಿಕ್ ಮೊದಲಾದವರು ಅವರ ದಾಖಲೆ ಮುರಿದರು. 2021ರ ಏಪ್ರಿಲ್‌ನಲ್ಲಿ ನಿಫ್ಟ್‌ಸ್ಕಿ ಅನ್ನೋ ಆಟಗಾರ 4 ನಿಮಿಷ 54.948 ಸೆಕೆಂಡ್ ಮಾಡಿ, 4 ನಿಮಿಷ 55ರ ಗೆರೆಯನ್ನೂ ದಾಟಿದ. ನಾಲ್ಕೂವರೆ ವರ್ಷದಲ್ಲಿ ಕಡಿಮೆಯಾಗಿದ್ದು ಎರಡು ಸೆಕೆಂಡಿಗಿಂತಲೂ ಕಮ್ಮಿ. ಇದು ಒಬ್ಬರಿಂದ ಆಗಿದ್ದಲ್ಲ. ಒಬ್ಬರು ಕಂಡುಹಿಡಿದಿದ್ದನ್ನು ಇನ್ನೊಬ್ಬರು ಕಲಿತು, ತಿದ್ದಿ, ಮುಂದಕ್ಕೆ ಒಯ್ದಿದ್ದರಿಂದ ಆಗಿದ್ದು.

ನಮ್ಮ ಕಥೆ

ಇದನ್ನೆಲ್ಲ ಓದುವಾಗ ನಮಗೆ ಸ್ವಲ್ಪ ನಾಚಿಕೆಯೂ ಆಯ್ತು. ಕಳೆದ ಸೆಮ್‌ನಲ್ಲಿ ನಮ್ಮ ರೂಮಿನ ಮೂರು ಜನಕ್ಕೆ ಸೀನಿಯರ್ ಒಬ್ಬರ ನೋಟ್ಸ್ ಸಿಕ್ಕಿತ್ತು. ರಿಲೇಟಿವ್ ಗ್ರೇಡಿಂಗ್ ಅಲ್ವಾ, ಬೇರೆಯವರಿಗೆ ಜಾಸ್ತಿ ಬಂದರೆ ನಮಗೆ ಕಡಿಮೆ ಅಂತ ಬಚ್ಚಿಟ್ಟೆವು. ಎದುರು ರೂಮಿನವನು ಬಂದು ಕೇಳಿದಾಗ ‘ನಮ್ಮ ಹತ್ರ ಏನೂ ಇಲ್ಲ ಮಗಾ’ ಅಂದ್ವಿ. ಅವನಿಗೆ ಆ ಪೇಪರ್ ಬ್ಯಾಕ್ ಉಳೀತು. ಇನ್ನು ನಮ್ಮ ಕಥೆ ಕೇಳಿ. ಆ ನೋಟ್ಸಿನಲ್ಲಿ ಒಂದು ಸೂತ್ರವೇ ತಪ್ಪಿತ್ತು. ಮೂವರೂ ಅದನ್ನೇ ಬರೆದು ಹತ್ತು ಮಾರ್ಕ್ಸ್ ಕಳ್ಕೊಂಡ್ವಿ. ನಾಲ್ಕನೆಯವನ ಕಣ್ಣಿಗೆ ಬಿದ್ದಿದ್ದರೆ ತಪ್ಪು ಸಿಕ್ತಿತ್ತೇನೋ.

ಆ ನೋಟ್ಸನ್ನು ಈಗ ತಿದ್ದಿ ಕ್ಲಾಸ್ ಗ್ರೂಪಿಗೆ ಹಾಕಿದ್ದೀವಿ. ಮೊದಲು ಕಳಿಸಿದ್ದು ಎದುರು ರೂಮಿನವನಿಗೆ. ಬೇಕಾದವರು ತಗೊಳ್ಳಿ, ಇನ್ನೂ ತಪ್ಪು ಕಂಡರೆ ದಯವಿಟ್ಟು ಹೇಳಿ.